ಮೊದಲು ಗೋಪಿನಾಥ ಗುಡ್ಡ, ಆಮೇಲೆ ನಂದಿ

ನೋಡಪ್ಪ, ನಂದಿಗೆ ಹೋಗಬೇಡ ಅಂತ ನಾನು ಹೇಳುವುದಿಲ್ಲ. ಸೂರ್ಯ ಹುಟ್ಟುವುದನ್ನು ನೋಡುವುದಕ್ಕೆ ಮಾತ್ರ ಹೋಗಬೇಡ, ಅಷ್ಟೇ. ಶನಿವಾರ ರಾತ್ರಿ ಕಳೆದು ಮೂರು ಗಂಟೆಯಾಗುತ್ತಿದ್ದ ಹಾಗೆ ನಮ್ಮ ಬೀದಿಯಲ್ಲಿ ಬೈಕುಗಳು ಒಂದೊಂದಾಗಿ ಸ್ಟಾರ್ಟ್ ಆಗುವುದು ನನ್ನ ಕಿವಿಗೆ ಬೀಳುತ್ತದೆ. ಹೆಬ್ಬಾಳ, ದೇವನಹಳ್ಳಿ, ಆಮೇಲೆ ಬೆಟ್ಟದ ಬುಡದಲ್ಲಿ ಗೇಟು ತೆಗೆಯುವವರೆಗೂ ಗಾಡಿಗಳ ಸಾಲು. ಮೇಲೆ ಮಂಜು, ಮಂಜಿನಲ್ಲಿ ಫೋಟೊ, ಬಿಸಿ ಬಿಸಿ ಮ್ಯಾಗಿ, ಒಂಬತ್ತು ಗಂಟೆಯೊಳಗೆ ಮನೆ. ಹುಡುಗರಿಗೆ ಆ ಸಂತೋಷ ಬೇಕು, ನನಗೆ ಗೊತ್ತು. ಆದರೆ ನೀನು ಹೋದ ಆ ದಾರಿಯ ಮಗ್ಗುಲಲ್ಲಿ ಸಾವಿರದ ಇನ್ನೂರು ವರ್ಷದಿಂದ ಒಂದು ಬಂಡೆ ಮಾತಾಡುತ್ತಾ ಕೂತಿದೆ. ಅದರ ಮುಂದೆ ಒಂದು ಗಳಿಗೆ ನಿಂತವರು ನಮ್ಮ ಕಡೆಯವರಲ್ಲಿ ಬಹಳ ಕಡಿಮೆ. ಬುದ್ಧಿ ಬಂದಾಗಿನಿಂದ ನೀನು ನನ್ನನ್ನು ತಾತ ಅಂತ ಕರೆದಿದ್ದೀಯ. ಆ ಸಲುಗೆಯಲ್ಲಿ ನಾಲ್ಕು ಮಾತು ಹೇಳುತ್ತೇನೆ, ಕೇಳಿಸಿಕೊ.

ಬೆಟ್ಟದ ಮೇಲಕ್ಕೆ ಹೋಗುವ ಮೊದಲು ಕೆಳಗಿನ ನಂದಿ ಗ್ರಾಮಕ್ಕೆ ಹೋಗು. ಅಲ್ಲಿ ಭೋಗನಂದೀಶ್ವರನ ದೊಡ್ಡ ದೇವಸ್ಥಾನ ಇದೆ, ಅದು ಎಲ್ಲರಿಗೂ ಗೊತ್ತು. ಅದೇ ಊರಿನ ಮಗ್ಗುಲಲ್ಲಿ ಗೋಪಿನಾಥ ಗುಡ್ಡ ಅಂತ ಒಂದಿದೆ. ಬಂಡೆ, ಕುರುಚಲು ಕಾಡು, ಮೇಲೆ ಗೋಪಿನಾಥಸ್ವಾಮಿಯ ಗುಡಿ. ವಿಷ್ಣುವಿನ ಗುಡಿ. ಆ ಗುಡಿಯ ಬಳಿಯ ಬಂಡೆಯ ಮೇಲೆ ಸಂಸ್ಕೃತದಲ್ಲಿ ಒಂದು ಶಾಸನ ಕೊರೆದಿದ್ದಾರೆ. ಸುಮಾರು 8ನೇ ಶತಮಾನದ್ದು ಎನ್ನುತ್ತಾರೆ ಬಲ್ಲವರು. ಶಾಸನ ಹೇಳುವುದು ವಿಷ್ಣುವಿನ ವಿಷಯವನ್ನಲ್ಲ, ಶಿವನ ವಿಷಯವನ್ನೂ ಅಲ್ಲ. ಅಲ್ಲಿ ಅರ್ಹಂತನ, ಅಂದರೆ ಜಿನನ, ಚೈತ್ಯಾಲಯ ಇತ್ತು, ಅದನ್ನು ಮೊದಲು ಕಟ್ಟಿಸಿದವನು ದಶರಥನ ಮಗ ರಾಮ, ಕಾಲಾಂತರದಲ್ಲಿ ಅದನ್ನು ಮತ್ತೆ ಕಟ್ಟಿಸಿದವಳು ಪಾಂಡವರ ತಾಯಿ ಕುಂತಿ ಅಂತ ಹೇಳುತ್ತದೆ. ತಪಸ್ವಿಗಳ ಬೆಟ್ಟ ಅಂತ ಹೊಗಳುತ್ತದೆ. ಎಂದರೆ ಈಗ ನಾವು ನಂದಿ ಅಂದ ತಕ್ಷಣ ಶಿವ ಅಂದುಕೊಳ್ಳುವ ಈ ಬೆಟ್ಟಸಾಲು ಒಂದು ಕಾಲಕ್ಕೆ ಜೈನರ ತೀರ್ಥ.

ರಾಮ ಜಿನಾಲಯ ಕಟ್ಟಿಸಿದನೇ ಅಂತ ನೀನು ಹುಬ್ಬೇರಿಸುತ್ತೀಯ. ಏರಿಸಬೇಡ. ಜೈನರಿಗೂ ರಾಮ ತಮ್ಮವನೇ. ಅವರ 63 ಶಲಾಕಾಪುರುಷರಲ್ಲಿ ಅವನು ಒಬ್ಬ ಬಲಭದ್ರ, ಕೊನೆಗೆ ದೀಕ್ಷೆ ಹಿಡಿದು ಮೋಕ್ಷಕ್ಕೆ ಹೋದವನು. ವಿಮಲಸೂರಿ ಪ್ರಾಕೃತದಲ್ಲಿ ಆ ಕಥೆ ಬರೆದ, ನಮ್ಮ ಕನ್ನಡದಲ್ಲಿ ನಾಗಚಂದ್ರ ‘ರಾಮಚಂದ್ರಚರಿತ ಪುರಾಣ’ ಬರೆದ. ಆ ಬಂಡೆಯ ಮೇಲೆ ಅಕ್ಷರ ಕೊರೆಸಿದವರು ಚರಿತ್ರೆಯನ್ನು ತಿರುಚಲು ಕೂತವರಲ್ಲ. ತಮ್ಮ ದೇವಸ್ಥಾನ ಎಷ್ಟು ಹಳೆಯದು, ಎಷ್ಟು ಪವಿತ್ರ ಎಂದು ಹೇಳಬೇಕಾಗಿತ್ತು, ಎಲ್ಲರೂ ತಲೆಬಾಗುವ ಹೆಸರನ್ನು ಭಕ್ತಿಯಿಂದ ಹೇಳಿದರು. ಇವತ್ತೂ ಯಾವ ಊರಿಗೆ ಹೋದರೂ ಈ ಲಿಂಗವನ್ನು ಪಾಂಡವರು ಸ್ಥಾಪಿಸಿದರು, ಈ ಕೊಳವನ್ನು ರಾಮನ ಬಾಣ ತೆಗೆಯಿತು ಎನ್ನುತ್ತಾರಲ್ಲ, ಅದೇ ಮನಸ್ಸು. ಆ ಮನಸ್ಸನ್ನು ನಾನು ಪ್ರೀತಿಸುತ್ತೇನೆ.

ಇನ್ನೂ ಹಿಂದಕ್ಕೆ ಹೋಗೋಣ. ನೀನು ಶಾಲೆಯಲ್ಲಿ ಗಂಗರ ಪಾಠ ಓದಿದ್ದೀಯ, ತಲಕಾಡಿನ ಗಂಗರು. ಅವರು ತಮ್ಮನ್ನು ಕುವಲಾಲಪುರದ ಒಡೆಯರು, ನಂದಗಿರಿಯ ನಾಥರು ಎಂದು ಕರೆದುಕೊಳ್ಳುತ್ತಿದ್ದರು. ಕುವಲಾಲ ಅಂದರೆ ಕೋಲಾರ, ನಂದಗಿರಿ ಅಂದರೆ ಈ ಬೆಟ್ಟ. ಶಿವಮೊಗ್ಗದ ಹತ್ತಿರದ ಕಲ್ಲೂರುಗುಡ್ಡದಲ್ಲಿ 12ನೇ ಶತಮಾನದ ಒಂದು ಶಾಸನ ಇದೆ. ಗಂಗ ರಾಜ್ಯ ಹುಟ್ಟಿ ಏಳೆಂಟು ನೂರು ವರ್ಷ ಆದಮೇಲೆ ಬರೆದದ್ದು, ಹಾಗಾಗಿ ಅದನ್ನು ಕಣ್ಣಾರೆ ಕಂಡವರ ಸಾಕ್ಷಿ ಎಂದು ಹಿಡಿಯಬಾರದು. ಆದರೂ ಜನ ಏನು ನೆನಪಿಟ್ಟುಕೊಂಡಿದ್ದರು ಎಂಬುದಕ್ಕೆ ಅದು ಸಾಕ್ಷಿ. ದಡಿಗ, ಮಾಧವ ಎಂಬ ಇಬ್ಬರು ನೆಲೆ ತಪ್ಪಿದ ರಾಜಕುಮಾರರಿಗೆ ಸಿಂಹನಂದಿ ಎಂಬ ಜೈನ ಆಚಾರ್ಯ ಆಸರೆ ಕೊಟ್ಟು, ರಾಜ್ಯ ಕಟ್ಟುವುದಕ್ಕೆ ನೆರವಾದ ಎನ್ನುತ್ತದೆ ಅದು. ನಂದಗಿರಿ ಕೋಟೆ, ಕುವಲಾಲ ಪಟ್ಟಣ, ತೊಂಬತ್ತಾರು ಸಾವಿರ ನಾಡು, ಜಿನೇಂದ್ರ ದೈವ, ಜಿನಮತ ಧರ್ಮ ಎಂದು ಒಂದರ ಹಿಂದೆ ಒಂದು ಎಣಿಸುತ್ತದೆ. ಆಮೇಲೆ ಆ ಮುನಿ ಹುಡುಗರಿಗೆ ಎಚ್ಚರಿಕೆ ಹೇಳುತ್ತಾನೆ. ಕೊಟ್ಟ ಮಾತಿಗೆ ತಪ್ಪಿದರೆ, ಪರರ ಹೆಂಡಿರಿಗೆ ಆಸೆಪಟ್ಟರೆ, ಜೇನು ಮಾಂಸ ತಿಂದರೆ, ಬೇಡಿದವರಿಗೆ ಕೊಡದೆ ಹೋದರೆ, ಯುದ್ಧದಲ್ಲಿ ಬೆನ್ನು ತೋರಿಸಿದರೆ ನಿಮ್ಮ ಕುಲ ಉಳಿಯುವುದಿಲ್ಲ ಎಂದು. ಕಿವಿಮಾತು ಎಂದರೆ ಅದು ಕಣಪ್ಪ. ಒಂದು ರಾಜ್ಯದ ತಳಪಾಯದಲ್ಲಿ ಬೆಟ್ಟವೂ ಹಿರಿಯನೊಬ್ಬನ ಬುದ್ಧಿಮಾತೂ ಒಟ್ಟಿಗೆ ಕೂತಿವೆ.

ಹಾಗಿದ್ದ ಮೇಲೆ ಆ ಜೈನರು ಎಲ್ಲಿ ಹೋದರು? ನೀನು ಈ ಪ್ರಶ್ನೆ ಕೇಳಿಯೇ ಕೇಳುತ್ತೀಯ. ಮೊಬೈಲಿನಲ್ಲಿ ಹುಡುಕಿದರೆ ಅರ್ಧ ನಿಮಿಷದಲ್ಲಿ ಯಾರೋ ಒಬ್ಬ ಖಳನಾಯಕನನ್ನು ತೋರಿಸಿಬಿಡುತ್ತಾರೆ. ಅದನ್ನು ನಂಬುವ ಮೊದಲು ಒಬ್ಬ ದಿಗಂಬರ ಮುನಿ ಹೇಗೆ ಬದುಕುತ್ತಾನೆ ಎಂದು ತಿಳಿದುಕೊ. ಅವನು ಅಡುಗೆ ಮಾಡುವ ಹಾಗಿಲ್ಲ, ನಾಳೆಗೆಂದು ಒಂದು ತುತ್ತು ಎತ್ತಿಡುವ ಹಾಗಿಲ್ಲ. ದಿನಕ್ಕೆ ಒಂದೇ ಸಲ, ನಿಂತುಕೊಂಡು, ಅಂಗೈಯನ್ನೇ ತಟ್ಟೆ ಮಾಡಿ ಉಣ್ಣಬೇಕು. ಆ ಅನ್ನವನ್ನು ಶ್ರಾವಕರು, ಅಂದರೆ ವ್ರತ ಹಿಡಿದ ಗೃಹಸ್ಥರು, ಶುದ್ಧವಾಗಿ ಮಾಡಿ ಕೊಡಬೇಕು. ಕುಡಿಯುವ ನೀರನ್ನೂ ಸೋಸಿ ಕಾಯಿಸಿ ಕೊಡಬೇಕು. ಗಾಡಿ ಹತ್ತುವಂತಿಲ್ಲ, ಮಳೆಗಾಲದ ನಾಲ್ಕು ತಿಂಗಳು ಊರಿಂದ ಊರಿಗೆ ಹೋಗುವಂತಿಲ್ಲ. ಚಾತುರ್ಮಾಸದಲ್ಲಿ ನಮ್ಮ ಕಮರ್ಷಿಯಲ್ ಸ್ಟ್ರೀಟಿನ ಆಸುಪಾಸಿನಲ್ಲಿ ಬಿಳಿಬಟ್ಟೆಯ ಸಾಧುಸಾಧ್ವಿಯರು ಬರಿಗಾಲಲ್ಲಿ ಮನೆಮನೆಗೆ ಭಿಕ್ಷೆಗೆ ಹೋಗುವುದನ್ನು ನೀನೂ ನೋಡಿರಬಹುದು. ಅವರು ಶ್ವೇತಾಂಬರರು, ಪಂಗಡ ಬೇರೆ, ಪದ್ಧತಿಯಲ್ಲಿ ವ್ಯತ್ಯಾಸ ಇದೆ. ಆದರೆ ಮುನಿಯ ಹೊಟ್ಟೆ ಗೃಹಸ್ಥನ ಕೈಯಲ್ಲಿದೆ ಎನ್ನುವುದು ಇಬ್ಬರಿಗೂ ಒಂದೇ.

ಈಗ ಯೋಚನೆ ಮಾಡು. ಬೆಟ್ಟದ ಗುಹೆಯಲ್ಲಿ ಮುನಿ ಇರಬೇಕಾದರೆ ಬುಡದಲ್ಲಿ ಊರು ಇರಬೇಕು, ಆ ಊರಲ್ಲಿ ಶ್ರಾವಕರ ಮನೆಗಳು ಇರಬೇಕು. ಆ ಮನೆಗಳು ವ್ಯಾಪಾರ ಹುಡುಕಿಕೊಂಡು ಬೇರೆ ಕಡೆ ಹೊರಟರೆ, ಇಲ್ಲವೇ ಮಕ್ಕಳು ಬೇರೆ ದೇವರಿಗೆ ಒಲಿದರೆ, ಯಾರೂ ಕಲ್ಲೆಸೆಯಬೇಕಾಗಿಲ್ಲ, ಯಾರೂ ಓಡಿಸಬೇಕಾಗಿಲ್ಲ, ಒಂದು ತಲೆಮಾರಿನಲ್ಲಿ ಬೆಟ್ಟ ಬರಿದಾಗುತ್ತದೆ. ಇದರ ಜೊತೆಗೆ ಆಶ್ರಯ ಕೊಡುತ್ತಿದ್ದ ಅರಸರೂ ಹೋದರು. 11ನೇ ಶತಮಾನದ ಆರಂಭದಲ್ಲಿ ಚೋಳರು ತಲಕಾಡನ್ನು ಹಿಡಿದರು, ಗಂಗರ ಆಳ್ವಿಕೆ ಮುಗಿಯಿತು, ಈ ಸೀಮೆಯೆಲ್ಲ ಚೋಳರ ಕೈಗೆ ಬಂತು. ಶ್ರವಣಬೆಳಗೊಳದಲ್ಲಿ ಶ್ರಾವಕರು ಉಳಿದರು, ಮಠ ಉಳಿಯಿತು, ಬೆಟ್ಟವೂ ಉಳಿಯಿತು. ಇಲ್ಲಿ ಹಾಗಾಗಲಿಲ್ಲ. ನಾನು ಓದಿದ್ದನ್ನೆಲ್ಲ ಮುಂದಿಟ್ಟುಕೊಂಡು ನೋಡಿದರೆ ನನಗೆ ತೋರುವುದು ಇಷ್ಟು: ಇಲ್ಲಿ ನಡೆದದ್ದು ಕೆಡವಿದ ಕಥೆಗಿಂತ ಅನ್ನ ಹಾಕುವ ಕೈಗಳು ಇಲ್ಲವಾದ ಕಥೆ.

ಇನ್ನೊಂದು ವಿಷಯ ಗಮನಿಸು. ಭೋಗನಂದೀಶ್ವರನ ಗುಡಿಯ ಬಗ್ಗೆ ಸಿಗುವ ಹಳೆಯ ಶಾಸನಗಳು 9ನೇ ಶತಮಾನದ ಮೊದಲ ವರ್ಷಗಳವು. ಬಾಣರ ವಿದ್ಯಾಧರನ ರಾಣಿ ರತ್ನಾವಳಿ ಇಲ್ಲಿ ಶಿವಾಲಯ ಕಟ್ಟಿಸಿದಳು ಎಂದು ಅವು ಹೇಳುತ್ತವೆ. ಗೋಪಿನಾಥ ಗುಡ್ಡದ ಜೈನ ಶಾಸನಕ್ಕೂ ಇದಕ್ಕೂ ನಡುವೆ ಎರಡು ಮೂರು ತಲೆಮಾರಿನ ಅಂತರ ಅಷ್ಟೇ. ಗುಡ್ಡದ ಮೇಲೆ ಜಿನಾಲಯ, ಕೆಳಗೆ ಶಿವಾಲಯ, ಎರಡೂ ಕಡೆ ಗಂಟೆ ಬಾರಿಸುತ್ತಿದ್ದ ಕಾಲ ಒಂದಿತ್ತು ಎಂದೇ ನಾನು ತಿಳಿದಿದ್ದೇನೆ. ಆ ಶಿವಾಲಯದ ಒಳಗೆ ಹೋಗಿ ನಿಧಾನವಾಗಿ ಸುತ್ತು. ಅರುಣಾಚಲೇಶ್ವರ, ಭೋಗನಂದೀಶ್ವರ, ನಡುವೆ ಉಮಾಮಹೇಶ್ವರ. ಕಲ್ಯಾಣಮಂಟಪದ ಕರಿಕಲ್ಲಿನ ಕಂಬಗಳಲ್ಲಿ ಗಿಳಿ, ಬಳ್ಳಿ. ಪಕ್ಕದಲ್ಲಿ ಮೆಟ್ಟಿಲಿನ ದೊಡ್ಡ ಕಲ್ಯಾಣಿ. ನೊಳಂಬರಿಂದ ವಿಜಯನಗರದವರವರೆಗೆ ಬಂದವರೆಲ್ಲ ಒಂದೊಂದು ಕಲ್ಲು ಸೇರಿಸಿದ್ದಾರೆ. ಶಿವರಾತ್ರಿಯಲ್ಲಿ ಅಲ್ಲಿ ತೇರು ಎಳೆಯುತ್ತಾರೆ, ಆಗ ಕಾಲಿಡಲು ಜಾಗ ಇರುವುದಿಲ್ಲ. ಕಲ್ಲು ನೋಡಬೇಕಾದರೆ ಬೇರೆ ದಿನ ಹೋಗು. ತೇರು ನೋಡಬೇಕಾದರೆ ಆ ದಿನವೇ ಹೋಗು, ಅದೂ ನೋಡಬೇಕಾದದ್ದೇ.

ಗೋಪಿನಾಥ ಗುಡ್ಡಕ್ಕೆ ಹೋದಾಗ ನೀನು ನಡೆದುಕೊಳ್ಳಬೇಕಾದ ರೀತಿಯ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ. ಮೊದಲು ಗುಡಿಗೆ ಹೋಗು. ಚಪ್ಪಲಿ ಬಿಡು. ನೀನು ಯಾವ ದೇವರಿಗೆ ಕೈ ಮುಗಿಯುವವನಾದರೂ ಸರಿ, ಈಗ ಅದು ಗೋಪಿನಾಥನ ಮನೆ, ಅಲ್ಲಿ ದೀಪ ಹಚ್ಚುವವರು ಇದ್ದಾರೆ, ಅವರಿಗೆ ನಮಸ್ಕಾರ ಹೇಳು. ಅರ್ಚಕರು ಇದ್ದರೆ ‘ಸ್ವಾಮಿ, ಶಾಸನ ಇರುವ ಬಂಡೆ ಎಲ್ಲಿದೆ, ನೋಡಬಹುದೇ’ ಎಂದು ಕೇಳು. ‘ಇದು ಮೊದಲು ಜೈನರದ್ದಂತಲ್ಲಾ’ ಎಂದು ಸವಾಲು ಹಾಕುವ ದನಿಯಲ್ಲಿ ಬಾಯಿ ತೆಗೆಯಬೇಡ. ಶಿವಾಜಿನಗರದ ಹಳೆಯ ಮನೆಗೆ ಬಾಡಿಗೆಗೆ ಹೋದಾಗ ಗೋಡೆಯಲ್ಲಿ ಹಿಂದಿದ್ದವರು ದೇವರ ಪಟಕ್ಕೆ ಹೊಡೆದ ಮೊಳೆ ಇರುತ್ತದಲ್ಲ, ಅದೇ ಮೊಳೆಗೆ ನಾವು ನಮ್ಮ ಪಟ ಹಾಕಿ ಸಂಜೆ ದೀಪ ಹಚ್ಚುತ್ತೇವೆ. ಹಿಂದಿದ್ದವರ ಮೇಲೆ ನಮಗೆ ಹಗೆ ಇರುವುದಿಲ್ಲ, ನಮ್ಮ ಮೇಲೆ ಅವರದ್ದೂ ತಕರಾರು ಇರುವುದಿಲ್ಲ. ಈಗಿರುವವರ ಎದುರು ಗೆಲ್ಲುವ ಹಟ ಬಿಟ್ಟು ಆ ಬೆಟ್ಟದಲ್ಲಿ ಹಿಂದಿದ್ದವರನ್ನು ನೆನೆಯಬಹುದು, ಅದು ಸಾಧ್ಯ. ನಮ್ಮ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಮೇಣದಬತ್ತಿ ಹಿಡಿದು ನಿಲ್ಲುವ ಸಾಲಿನಲ್ಲಿ ಯಾರ ಯಾರ ಮನೆಯವರು ಇರುತ್ತಾರೆ ಎಂದು ನೋಡುತ್ತಾ ಬೆಳೆದವನು ನೀನು. ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೇಳುತ್ತಿದ್ದೇನೆ, ಯಾಕೆಂದರೆ ಈಗಿನ ಗಾಳಿ ಬೇರೆ ಇದೆ. ಹಳೆಯ ಕಲ್ಲೊಂದು ಸಿಕ್ಕರೆ ಅದನ್ನು ಓದುವ ಮೊದಲೇ ಅದರಿಂದ ಯಾರಿಗೆ ಹೊಡೆಯಬಹುದು ಎಂದು ಯೋಚಿಸುವವರು ಹೆಚ್ಚಾಗಿದ್ದಾರೆ. ನೀನು ಆ ಗುಂಪಿನಲ್ಲಿ ನಿಲ್ಲಬೇಡ. ಇದು ನನ್ನ ಕೋರಿಕೆ.

ಇಂಥ ಬೆಟ್ಟ ಇದೊಂದೇ ಅಲ್ಲ. ನಿನ್ನ ಗೆಳೆಯರಲ್ಲಿ ತಮಿಳು ಮನೆಯವರು ಇದ್ದಾರಲ್ಲ, ಅವರು ಮಧುರೆಗೆ ಹೋಗುವಾಗ ಸಮಣರ್ ಮಲೆ ಎಲ್ಲಿ ಎಂದು ಕೇಳಿಸು. ಊರ ಹೊರಗಿನ ಕಲ್ಲುಬೆಟ್ಟ. ಬುಡದಲ್ಲಿ ಅಯ್ಯನಾರ್ ಗುಡಿ, ಕರುಪ್ಪಸಾಮಿ, ಹಳ್ಳಿಯವರ ಹರಕೆ. ಮೇಲೆ ಬಂಡೆಯಲ್ಲಿ ತೀರ್ಥಂಕರರ ಸಾಲು. ಇನ್ನೂ ಮೇಲೆ ದೀಪದ ಕಂಬದ ಹತ್ತಿರ ಒಂದು ಶಾಸನ, ಅದು ಕನ್ನಡದಲ್ಲಿದೆ! ಬೆಳಗೊಳದ ಮೂಲಸಂಘದ ಮುನಿಗಳ ಹೆಸರು ಅದರಲ್ಲಿದೆ. ನಮ್ಮ ಕಡೆಯವರು ಬರಿಗಾಲಲ್ಲಿ ಅಷ್ಟು ದೂರ ನಡೆದುಹೋಗಿ, ಪರಭಾಷೆಯ ನಾಡಿನ ಬೆಟ್ಟದ ನೆತ್ತಿಯಲ್ಲಿ ತಮ್ಮ ಅಕ್ಷರ ಬಿಟ್ಟು ಬಂದಿದ್ದಾರೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಕಲ್ಲಿನ ವಿಷಯಕ್ಕೆ ಬರುತ್ತೇನೆ. ಅಕ್ಷರ ಕಾಣುತ್ತಿಲ್ಲ ಎಂದು ಸೀಮೆಸುಣ್ಣ ಉಜ್ಜಬೇಡ, ಎಣ್ಣೆ ಸುರಿಯಬೇಡ, ಕೀಲಿಕೈಯಿಂದ ಗೀರಬೇಡ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಬಂಡೆಯ ಮೇಲಿನ ಬರಹ ಮಾಯವಾಗುತ್ತದೆ. ಬೆಳಗ್ಗೆ ಎಂಟರ ಒಳಗೆ ಅಥವಾ ಸಂಜೆ ಐದರ ಮೇಲೆ, ಬಿಸಿಲು ಓರೆಯಾಗಿ ಬೀಳುವಾಗ ಹೋದರೆ ಗೀರುಗಳಲ್ಲಿ ನೆರಳು ತುಂಬಿ ಅಕ್ಷರ ತಾನಾಗಿ ಎದ್ದು ನಿಲ್ಲುತ್ತದೆ. ಮೋಡ ಇದ್ದರೆ ಟಾರ್ಚನ್ನು ಬಂಡೆಯ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಡು, ಫೋಟೊ ಚೆನ್ನಾಗಿ ಬರುತ್ತದೆ. ಪುರಾತತ್ವ ಇಲಾಖೆಯವರು ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಅದು ಅವರ ಕೆಲಸ, ನಾವು ಕೈ ಹಾಕಬಾರದು.

ಗೋಪಿನಾಥ ಗುಡ್ಡದ ಶಾಸನ ನಿನಗೂ ನನಗೂ ಓದಲು ಸಿಗುತ್ತಿರುವುದು ಬಿ. ಎಲ್. ರೈಸ್ ಅವರ ದೆಸೆಯಿಂದ. 1837ರಲ್ಲಿ ಇದೇ ಬೆಂಗಳೂರಿನಲ್ಲಿ ಹುಟ್ಟಿದವರು, ಕ್ರೈಸ್ತ ಮಿಷನರಿಯ ಮಗ. ಮೈಸೂರು ಸೀಮೆಯ ಹಳ್ಳಿಹಳ್ಳಿಯ ಶಾಸನಗಳನ್ನು ನಕಲು ಮಾಡಿಸಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಆಗ ಚಿಕ್ಕಬಳ್ಳಾಪುರ ಕೋಲಾರ ಜಿಲ್ಲೆಯಲ್ಲಿತ್ತು, ಅದಕ್ಕೇ ಇದು ಕೋಲಾರದ 10ನೇ ಸಂಪುಟದಲ್ಲಿದೆ, ಚಿಕ್ಕಬಳ್ಳಾಪುರ ತಾಲ್ಲೂಕಿನ 29ನೆಯದು. ಪಾದ್ರಿಯ ಮಗ, ವೈಷ್ಣವ ಗುಡಿಯ ಬಳಿ, ಜೈನರ ಮಾತನ್ನು ಕಾಗದಕ್ಕೆ ಇಳಿಸಿ ಉಳಿಸಿದರು. ನೃಪತುಂಗ ರಸ್ತೆಯಲ್ಲಿ ಮಿಥಿಕ್ ಸೊಸೈಟಿ ಇದೆ, 1909ರಲ್ಲಿ ಶುರುವಾದ ಸಂಸ್ಥೆ. ನಮ್ಮ ಶಿವಾಜಿನಗರ ಬಸ್‌ ನಿಲ್ದಾಣದಿಂದ ಬಹಳ ದೂರವೇನಲ್ಲ. ಬೆಂಗಳೂರಿನ ಸುತ್ತಲಿನ ಶಾಸನದ ಕಲ್ಲುಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಈಗ ಅಲ್ಲಿ ನಡೆಯುತ್ತಿದೆ. ನೀನು ಕಂಪ್ಯೂಟರ್ ಓದಿದವನು. ಒಂದು ಶನಿವಾರ ಅಲ್ಲಿಗೂ ಹೋಗಿ ಬಾ, ನಿನ್ನ ವಿದ್ಯೆಗೆ ಅಲ್ಲಿ ಉಪಯೋಗ ಇದೆ.

ಇಷ್ಟಾದಮೇಲೆ ದೊಡ್ಡ ಬೆಟ್ಟ ಹತ್ತು. 1478 ಮೀಟರ್ ಎತ್ತರ. ಮೊಣಕಾಲು ಗಟ್ಟಿ ಇರುವ ವಯಸ್ಸು ನಿನ್ನದು, ಸುಲ್ತಾನ್‌ಪೇಟೆ ಕಡೆಯಿಂದ ಹಳೆಯ ಮೆಟ್ಟಿಲ ದಾರಿ ಹಿಡಿ. ಸಾವಿರಕ್ಕೂ ಮೇಲೆ ಮೆಟ್ಟಿಲು. ಏರುತ್ತಾ ಹೋದ ಹಾಗೆ ಗಿಡಮರ ಬದಲಾಗುವುದನ್ನು ನೋಡು. ಕೆಳಗೆ ಒಣ ಕುರುಚಲು, ನೆತ್ತಿಯಲ್ಲಿ ಮೋಡ ಹಿಡಿದಿಟ್ಟುಕೊಳ್ಳುವ ಹಸಿರು ಕಾಡು, ಮರದ ತೊಗಟೆಯ ಮೇಲೆಲ್ಲ ಪಾಚಿ. ಪಶ್ಚಿಮಘಟ್ಟದಲ್ಲಿ ಇರಬೇಕಾದ ನೀಲಗಿರಿ ಕಾಡುಪಾರಿವಾಳ ಇಲ್ಲಿ ಸಿಗುತ್ತದೆ. ಹಳದಿ ಕೊರಳಿನ ಪಿಕಳಾರ ಬಂಡೆಗಳ ಸಂದಿಯಲ್ಲಿ ಸಿಗುತ್ತದೆ, ದಕ್ಷಿಣದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಆ ಹಕ್ಕಿ ಇನ್ನೆಲ್ಲೂ ಇಲ್ಲ. ತಪಸ್ಸಿಗೆ ಕೂತವರು ಈ ಜಾಗ ಯಾಕೆ ಆರಿಸಿದರು ಎಂದು ಪುಸ್ತಕ ಹೇಳುವುದಕ್ಕಿಂತ ಆ ಕಾಡಿನಲ್ಲಿ ಸುಮ್ಮನೆ ಅರ್ಧ ಗಂಟೆ ಕೂತರೆ ಚೆನ್ನಾಗಿ ತಿಳಿಯುತ್ತದೆ. ಸ್ಪೀಕರ್ ಮನೆಯಲ್ಲಿ ಬಿಟ್ಟು ಹೋಗು.

ಮೇಲೆ ಯೋಗನಂದೀಶ್ವರನ ಗುಡಿ ಇದೆ, ಟಿಪ್ಪುವಿನ ಕಾಲದ ಕೋಟೆ ಇದೆ. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ರಾತ್ರಿ ಹೊತ್ತು ಏರಿ ಆ ಕೋಟೆ ಹಿಡಿಯಿತು. ಆಮೇಲೆ ನಮ್ಮ ಕಂಟೋನ್ಮೆಂಟ್ ಹುಟ್ಟಿತು, ಇಲ್ಲಿನ ಸಾಹೇಬರಿಗೆ ಬೇಸಿಗೆ ಕಳೆಯಲು ಒಂದು ತಂಪು ಜಾಗ ಬೇಕಾಯಿತು. ನೀನು ದಿನಾ ಓಡಾಡುವ ಕಬ್ಬನ್ ರಸ್ತೆ ಯಾರ ಹೆಸರಿನದೋ ಆ ಮಾರ್ಕ್ ಕಬ್ಬನ್, 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದವರು, ಅಲ್ಲಿ ಬಂಗಲೆ ಕಟ್ಟಿಸಿದರು. ಗಾಂಧೀಜಿ 1927ರಲ್ಲಿ ಕಾಯಿಲೆ ಬಿದ್ದು ಎದ್ದು ವಿಶ್ರಾಂತಿಗೆ ಬಂದರು, 1936ರಲ್ಲಿ ಮತ್ತೊಮ್ಮೆ ಬಂದರು. 1986ರಲ್ಲಿ ಸಾರ್ಕ್ ದೇಶಗಳ ನಾಯಕರು ಬಂದು ಕೂತು ಮಾತಾಡಿದರು. ಇವನ್ನೆಲ್ಲ ಬೋರ್ಡುಗಳೇ ಹೇಳುತ್ತವೆ, ನಾನು ಬೆಳೆಸುವುದಿಲ್ಲ. ನನಗೆ ಸಂಕಟ ಏನೆಂದರೆ, ಇಷ್ಟೆಲ್ಲ ಹೇಳುವ ಜಾಗದಲ್ಲಿ ಮೊದಲು ಇದ್ದವರ ಹೆಸರು ಜನರ ಬಾಯಲ್ಲಿ ಬರುವುದೇ ಇಲ್ಲ. ಬೆಟ್ಟ ಇಳಿದು ಬಂದ ನೂರು ಜನರನ್ನು ಕೇಳು, ಟಿಪ್ಪು ಡ್ರಾಪ್ ಎಂಬ ಬಂಡೆಯಂಚು ಗೊತ್ತು ಎನ್ನುವವರೇ ಎಲ್ಲ.

ಜೀವದ ವಿಷಯ ಒಂದೆರಡು ಹೇಳಿಬಿಡುತ್ತೇನೆ. ಇದು ಹಳೆಯ ಗ್ರಾನೈಟ್, ಮಳೆ ಬಿದ್ದರೆ ಪಾಚಿ ಕಟ್ಟಿ ಜಾರುತ್ತದೆ. 2021ರ ಆಗಸ್ಟ್‌ನಲ್ಲಿ ಬೆಟ್ಟದ ರಸ್ತೆಯ ಮೇಲೆ ಮಣ್ಣು ಕುಸಿದು ತಿಂಗಳುಗಟ್ಟಲೆ ದಾರಿ ಮುಚ್ಚಿತ್ತು. 2022ರ ಫೆಬ್ರುವರಿಯಲ್ಲಿ ಪಕ್ಕದ ಬ್ರಹ್ಮಗಿರಿ ಬೆಟ್ಟದ ಕಡೆ ಒಬ್ಬನೇ ಹೋದ ಹುಡುಗ ಕಾಲು ಜಾರಿ ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡ. ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಬೇಕಾಯಿತು. ನಿನ್ನಷ್ಟೇ ವಯಸ್ಸಿನವನು. ಅದಕ್ಕೇ ಹೇಳುವುದು, ಕಾವಲುಗಾರರು ಬೇಡ ಎಂದ ಕಡೆ ಹೋಗಬೇಡ, ಒಬ್ಬನೇ ಹೋಗಬೇಡ, ಕತ್ತಲೆಯಲ್ಲಿ ಹತ್ತಬೇಡ. ಕೋತಿಗಳ ಎದುರು ಚೀಲ ಬಿಚ್ಚಬೇಡ. ತೆಗೆದುಕೊಂಡು ಹೋದ ಬಾಟಲಿಯನ್ನು ಮನೆಗೆ ವಾಪಸು ತಾ.

ಹೋಗುವ ದಾರಿ ಸುಲಭ. ವಾರದ ದಿನ ರಜೆ ಹಾಕಿ ಹೋಗು, ಶನಿವಾರ ಭಾನುವಾರ ಬೇಡ. ಯಲಹಂಕದಲ್ಲಿ ಚಿಕ್ಕಬಳ್ಳಾಪುರದ ಕಡೆಯ ಪ್ಯಾಸೆಂಜರ್ ರೈಲು ಹತ್ತಿದರೆ ನಂದಿ ಹಾಲ್ಟ್‌ನಲ್ಲಿ ಇಳಿಯಬಹುದು, ಹೆಂಚಿನ ಹಳೆಯ ಚೆಂದದ ಸ್ಟೇಷನ್. ರೈಲು ದಿನಕ್ಕೆ ಕೆಲವೇ, ಹೊತ್ತು ಮೊದಲೇ ವಿಚಾರಿಸಿಕೊ. ತಪ್ಪಿದರೆ ಹೆಬ್ಬಾಳದಲ್ಲಿ ಚಿಕ್ಕಬಳ್ಳಾಪುರದ ಬಸ್ಸು ಸಿಗುತ್ತದೆ. ಭೋಗನಂದಿ ಮೊದಲು, ಬಿಸಿಲು ಓರೆ ಇರುವಾಗಲೇ ಗೋಪಿನಾಥ ಗುಡ್ಡ, ಊಟ ಮುಗಿಸಿ ದೊಡ್ಡ ಬೆಟ್ಟ. ಒಂದೇ ದಿನದಲ್ಲಿ ಆಗದಿದ್ದರೆ ದೊಡ್ಡ ಬೆಟ್ಟವನ್ನು ಬಿಡು, ಗುಡ್ಡ ಬಿಡಬೇಡ. ಹೊರಡುವ ಹಿಂದಿನ ಸಂಜೆ ಮನೆಗೆ ಬಾ. ಶಾಸನದ ಪಾಠವನ್ನು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದಿಟ್ಟಿರುತ್ತೇನೆ, ಬಂಡೆಯ ಮುಂದೆ ಅದನ್ನು ಹಿಡಿದುಕೊಂಡು ಒಂದೊಂದು ಸಾಲಾಗಿ ಹೊಂದಿಸಿ ಓದು. ಜೊತೆಗೆ ನಿನ್ನ ತಂಗಿಯನ್ನೂ ಕರೆದುಕೊಂಡು ಹೋಗು, ಅವಳಿಗೆ ನಿನಗಿಂತ ಚೆನ್ನಾಗಿ ಸಂಸ್ಕೃತ ಬರುತ್ತದೆ.